ಹಡಗು ಹತ್ತುವ ಅತಿಥಿ

ಅತಿಥಿಸತ್ಕಾರದ ವಿಚಾರವಾಗಿ ನಮ್ಮ ಹಿರಿಯರು ಹೇಳಿಟ್ಟಿರುವುದು ಬೇಕಾದಷ್ಟಿದೆ. ಆದರೆ ಗಮನವಿಟ್ಟು ನೋಡಿದರೆ ಅದರಲ್ಲಿ ಬಹುಪಾಲು ಮನೆಯವನಿಗೆ ಹೇಳಿದ್ದು. ಬಂದವನಿಗೆ ಕಾಲಿಗೆ ನೀರು ಕೊಡು, ಇದ್ದುದರಲ್ಲಿ ಒಳ್ಳೆಯದನ್ನು ಬಡಿಸು, ಅವನನ್ನು ದೇವರ ಸಮಾನನೆಂದು ತಿಳಿ ಎಂದು ಮನೆಯವನಿಗೆ ವಿಧಿಸಿದವರು, ಬಂದವನು ಹೇಗಿರಬೇಕೆಂಬುದನ್ನು ಹೆಚ್ಚಾಗಿ ಅವನ ಸೌಜನ್ಯಕ್ಕೇ ಬಿಟ್ಟರು. ನೆಲದ ಮೇಲೆ ಇದರಿಂದ ಅಂಥ ಕೇಡೇನೂ ಆಗಲಿಲ್ಲ. ಅತಿಥಿ ಒರಟನಾದರೆ ಮನೆಯವರು ನಾಲ್ಕು ದಿನ ಹಲ್ಲು ಕಚ್ಚಿಕೊಂಡಿರುತ್ತಾರೆ; ಕಾಯಿಲೆ ಬಿದ್ದರೆ ಬೀದಿಯ ಕೊನೆಯಲ್ಲಿ ಡಾಕ್ಟರಿದ್ದಾರೆ; ತೀರ ಬೇಸರವಾದರೆ ರಾತ್ರಿಯ ಬಸ್ಸಿದೆ. ನೀರಿನ ಮೇಲೆ ಲೆಕ್ಕ ಬೇರೆ. ಹಾಯಿದೋಣಿಯಲ್ಲಿ ಜಗುಲಿಯಿಲ್ಲ, ಹಿತ್ತಿಲಿಲ್ಲ, ನೆರೆಮನೆಯಿಲ್ಲ. ಅಲ್ಲಿಗೆ ಹೋಗುವ ಅತಿಥಿ ಏನೇನು ಸಿದ್ಧಮಾಡಿಕೊಳ್ಳಬೇಕು?

ಈ ಪ್ರಶ್ನೆ ನನಗೆ ಬಂದದ್ದು ಪುಸ್ತಕದಿಂದಲ್ಲ. ನನ್ನ ಬಾಲ್ಯಸ್ನೇಹಿತರೊಬ್ಬರ ಮಗಳು ಗೋವಾದಲ್ಲಿ ಸಣ್ಣದೊಂದು ಹಾಯಿದೋಣಿ ಇಟ್ಟುಕೊಂಡಿದ್ದಾಳೆ. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಅವಳೂ ಅವಳ ಗಂಡನೂ ಅದರಲ್ಲಿ ಕಾರವಾರದವರೆಗೆ ಬರುವುದುಂಟು. ಈ ಸಲ ನನ್ನನ್ನೂ ಕರೆದಿದ್ದಾಳೆ. ನನಗೆ ಅರವತ್ತೇಳು ವರ್ಷ. ಕಡಲನ್ನು ದಡದಿಂದ ನೋಡಿದ್ದೇನೆಯೇ ಹೊರತು, ದಡವನ್ನು ಕಡಲಿನಿಂದ ನೋಡಿಲ್ಲ. ಹೋಗಬೇಕೆಂಬ ಆಸೆ ನನ್ನ ವಯಸ್ಸಿಗೆ ಒಪ್ಪುವುದಕ್ಕಿಂತ ಹೆಚ್ಚಾಗಿಯೇ ಇದೆ.

ಕರೆಯ ಜೊತೆಗೆ ಒಂದು ಪಟ್ಟಿಯನ್ನೂ ಕಳುಹಿಸಿದಳು. ಗಟ್ಟಿ ಪೆಟ್ಟಿಗೆ ಬೇಡ, ಮಡಿಸಿ ಮೂಲೆಗೆ ತುರುಕಬಹುದಾದ ಬಟ್ಟೆಯ ಚೀಲ ಸಾಕು. ಜಾರದ, ನೆಲದ ಮೇಲೆ ಕರಿ ಗುರುತು ಬಿಡದ ಬೂಟು. ಕನ್ನಡಕಕ್ಕೆ ದಾರ, ಟೋಪಿಗೂ ದಾರ. ಚಳಿಗಾಲದಲ್ಲಿಯೂ ನಡುಹಗಲಿನ ಬಿಸಿಲು ನೀರಿನಿಂದ ಮೇಲಕ್ಕೆ ಹೊಡೆಯುತ್ತದೆಯಾದ್ದರಿಂದ ತುಂಬುತೋಳಿನ ಅಂಗಿ. ಕಡಲಬೇನೆಯ ಮಾತ್ರೆಯನ್ನು ಬೇನೆ ಬಂದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಹೊರಡುವ ಮುಂಚೆಯೇ ತೆಗೆದುಕೊಳ್ಳಬೇಕು. ಹತ್ತಿದ ಕೂಡಲೆ ಲೈಫ್ ಜಾಕೆಟ್ ತೊಡಬೇಕು. ಹಾಯಿಯ ಅಡಿಯಲ್ಲಿರುವ ಅಡ್ಡಮರ ಗಾಳಿ ತಿರುಗಿದಾಗ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಬೀಸಿ ಬರುತ್ತದೆ. 'ತಲೆ ತಗ್ಗಿಸಿ' ಎಂದಾಗ ಏಕೆಂದು ಕೇಳದೆ ತಗ್ಗಿಸಬೇಕು.

ಇವೆಲ್ಲ ಒಂದು ಸಂಜೆಯಲ್ಲಿ ಮುಗಿಯುವ ಸಿದ್ಧತೆ. ನಾನು ಎತ್ತಿ ಆಡಿಸಿದ ಹುಡುಗಿ 'ತಗ್ಗಿಸಿ' ಎಂದಾಗ ತಲೆ ತಗ್ಗಿಸುವುದು ಕೂಡ ಕಷ್ಟವಲ್ಲ. ಬಸ್ಸಿನಲ್ಲಿ ಡ್ರೈವರಿನ ವಯಸ್ಸು ಕೇಳಿ ನಾವು ಕೂಡುವುದಿಲ್ಲವಷ್ಟೆ. ಕಷ್ಟವಿದ್ದದ್ದು ಪಟ್ಟಿಯ ಕೊನೆಯ ಸಾಲಿನಲ್ಲಿ: "ಮಾಮ, ನಿಮ್ಮ ಆರೋಗ್ಯದ ವಿಚಾರ ನಾನು ತಿಳಿದಿರಬೇಕಾದ್ದು ಏನಾದರೂ ಇದ್ದರೆ ಬರೆಯಿರಿ."

ಇದೆ. ನನಗೆ ಈಜು ಬಾರದು. ರಕ್ತದೊತ್ತಡಕ್ಕೆ ದಿನಾ ಮಾತ್ರೆ ತೆಗೆದುಕೊಳ್ಳುತ್ತೇನೆ. ಎರಡು ವರ್ಷದಿಂದ ಆಗಾಗ, ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ, ತಲೆ ಸುತ್ತುತ್ತದೆ. ಹತ್ತು ನಿಮಿಷ ಗೋಡೆ ಹಿಡಿದು ನಿಂತರೆ ಹೋಗುತ್ತದೆ. ಡಾಕ್ಟರು ಭಯವಿಲ್ಲವೆಂದಿದ್ದಾರೆ. ಆದರೆ ಅವರು ಹಾಗೆಂದದ್ದು ಗೋಡೆಗಳಿರುವ ಊರಿನಲ್ಲಿ. ಇದನ್ನೆಲ್ಲ ಬರೆದರೆ ಆ ಹುಡುಗಿ ವಿನಯದಿಂದ, 'ಮುಂದಿನ ವರ್ಷ ನೋಡೋಣ ಮಾಮ' ಎಂದುಬಿಡಬಹುದು. ನನ್ನ ವಯಸ್ಸಿನಲ್ಲಿ ಮುಂದಿನ ವರ್ಷ ಎಂಬುದಕ್ಕೆ ಏನು ಬೆಲೆಯೆಂಬುದು ಎಲ್ಲರಿಗೂ ಗೊತ್ತು. ನನ್ನ ಹೆಂಡತಿ ಇದನ್ನು ಒಂದೇ ಮಾತಿನಲ್ಲಿ ತೀರ್ಮಾನ ಮಾಡಿದಳು: "ಬರೆದರೆ ಅವಳು ಬೇಡ ಅನ್ನಬಹುದು, ಬರೆಯದಿದ್ದರೆ ನಾನು ಬೇಡ ಅನ್ನುತ್ತೇನೆ." ತೀರ್ಮಾನವೇನೋ ಆಯಿತು. ಅದರ ಹಿಂದಿರುವ ನ್ಯಾಯವನ್ನು ನಾನಾಗಿ ಕಂಡುಕೊಳ್ಳಬೇಕೆನ್ನಿಸಿತು. ಹಾಗೆ ಯೋಚಿಸುವಾಗ ನೆನಪಿಗೆ ಬಂದವನು ಚಾರ್ಲ್ಸ್ ಡಾರ್ವಿನ್.

ಹಡಗಿನ ಅತಿಥಿಗಳಲ್ಲಿ ಅವನಷ್ಟು ಪ್ರಸಿದ್ಧನಾದವನು ಬಹುಶಃ ಇನ್ನೊಬ್ಬನಿಲ್ಲ. 1831ರಲ್ಲಿ ದಕ್ಷಿಣ ಅಮೆರಿಕದ ಕರಾವಳಿಯನ್ನು ಅಳೆಯಲು ಹೊರಟ 'ಬೀಗಲ್' ಹಡಗಿನ ಕಪ್ತಾನ ರಾಬರ್ಟ್ ಫಿಟ್ಸ್‌ರಾಯ್‌ಗೆ ತನ್ನೊಡನೆ ಕುಳಿತು ಊಟಮಾಡುವ, ಮಾತಾಡುವ ಒಬ್ಬ ಸಂಗಾತಿ ಬೇಕಾಗಿತ್ತು. ಅದಕ್ಕೆ ಕಾರಣವೂ ಇತ್ತು: ಅದೇ ಹಡಗಿನ ಹಿಂದಿನ ಕಪ್ತಾನ 1828ರಲ್ಲಿ ಆ ದೂರದ ತೀರದ ಏಕಾಂತದಲ್ಲಿ ಮನನೊಂದು ಗುಂಡು ಹೊಡೆದುಕೊಂಡು ಸತ್ತಿದ್ದ. ಡಾರ್ವಿನ್‌ಗೆ ಆಗ ಇಪ್ಪತ್ತೆರಡು ವರ್ಷ, ಕಪ್ತಾನನಿಗೆ ಇಪ್ಪತ್ತಾರು. ಹುಡುಗನಿಗೆ ಸಂಬಳವಿರಲಿಲ್ಲ, ಖರ್ಚು ತಂದೆಯದು. ಆ ತಂದೆ ಮೊದಲು ಒಪ್ಪಲಿಲ್ಲ. ಸೋದರಮಾವ ಜೊಸೈಯ ವೆಜ್‌ವುಡ್ ಒಂದೊಂದೇ ಆಕ್ಷೇಪಣೆಗೆ ಉತ್ತರ ಕೊಟ್ಟು ಒಪ್ಪಿಸಬೇಕಾಯಿತು. ಕಪ್ತಾನನ ಕಡೆಯಿಂದ ಒಂದು ಮೆಚ್ಚಬೇಕಾದ ಸಂಗತಿಯುಂಟು. ಮೊದಲ ಭೇಟಿಯಲ್ಲೇ ಅವನು ಹಡಗಿನ ಇಕ್ಕಟ್ಟನ್ನೂ ಊಟದ ಸರಳತೆಯನ್ನೂ ಮುಚ್ಚಿಡದೆ ಹೇಳಿದ. ತನಗೆ ಒಬ್ಬನೇ ಇರಬೇಕೆನ್ನಿಸಿದಾಗ ಕೋಣೆ ಬಿಟ್ಟು ಹೋಗೆಂದು ಹೇಳಿದರೆ ನೀನು ಸಹಿಸುವೆಯಾ ಎಂದು ನೇರವಾಗಿಯೇ ಕೇಳಿದ. ಆತಿಥೇಯನ ಪಾಲಿನ ಸತ್ಯ ಹೀಗೆ ಸಂದಾಯವಾಯಿತು.

ಅತಿಥಿಯ ಪಾಲು? ಹಡಗು ಹೊರಡುವುದು ತಡವಾಗಿ ಡಾರ್ವಿನ್ ಪ್ಲಿಮತ್ ಬಂದರಿನಲ್ಲಿ ಎರಡು ತಿಂಗಳು ಕಾಯಬೇಕಾಯಿತು. ಆಗ ಅವನಿಗೆ ಎದೆಬಡಿತ, ಎದೆಯ ಬಳಿ ನೋವು. ಸ್ವಲ್ಪ ವೈದ್ಯ ಓದಿದ್ದವನಾದ್ದರಿಂದ ತನಗೆ ಹೃದ್ರೋಗವೇ ಇದೆಯೆಂದು ನಂಬಿದ. ಆದರೆ ಯಾವ ವೈದ್ಯರ ಬಳಿಗೂ ಹೋಗಲಿಲ್ಲ. ಪ್ರಯಾಣಕ್ಕೆ ಯೋಗ್ಯನಲ್ಲವೆಂದು ಅವರು ಹೇಳಿಯಾರು, ಏನಾದರೂ ಸರಿ ಹೋಗಲೇಬೇಕು ಎಂಬ ನಿರ್ಧಾರದಿಂದ ಸುಮ್ಮನಿದ್ದೆನೆಂದು 1876ರಲ್ಲಿ ಬರೆದ ಆತ್ಮಕಥೆಯಲ್ಲಿ ಅವನೇ ತಿಳಿಸಿದ್ದಾನೆ. ಎರಡು ಸಲ ಬಿರುಗಾಳಿಗೆ ಹಿಂತಿರುಗಿದ ಹಡಗು ಕೊನೆಗೆ 1831ರ ಡಿಸೆಂಬರ್ 27ರಂದು ಹೊರಟಿತು. ಹೃದಯ ಅವನನ್ನು ಕೈಬಿಡಲಿಲ್ಲ, ಬಾಧಿಸಿದ್ದು ಕಡಲಬೇನೆ. 1836ರ ಅಕ್ಟೋಬರಿನಲ್ಲಿ ಅವನು ಹಿಂತಿರುಗಿದಾಗ ಅವನ ಟಿಪ್ಪಣಿಗಳಲ್ಲಿದ್ದ ಸಾಮಗ್ರಿ ಮನುಷ್ಯ ತನ್ನ ವಿಷಯವಾಗಿ ಯೋಚಿಸುವ ರೀತಿಯನ್ನೇ ಬದಲಾಯಿಸಿತು.

ಓದುಗರು ಕೇಳಬಹುದು: ಹಾಗಾದರೆ ಆ ಮೌನ ಒಳ್ಳೆಯದೇ ಆಯಿತಲ್ಲ? ವೈದ್ಯರನ್ನು ಕೇಳಿ ಮನೆಯಲ್ಲೇ ಉಳಿದಿದ್ದರೆ ಲೋಕಕ್ಕೆ ಎಷ್ಟು ನಷ್ಟ! ನಿಜವೇ. ಆದರೆ ಆ ಫಲ ಪ್ಲಿಮತ್ತಿನಲ್ಲಿ ಕುಳಿತಿದ್ದ ಹುಡುಗನಿಗೆ ಗೊತ್ತಿರಲಿಲ್ಲ. ಅದೇ ಎದೆನೋವು ನಡುಗಡಲಿನಲ್ಲಿ ನಿಜವಾಗಿದ್ದರೆ ಅದೇ ಮೌನವನ್ನು ನಾವು ಹುಡುಗಾಟವೆನ್ನುತ್ತಿದ್ದೆವು. ಅಥವಾ ಅವನ ಹೆಸರನ್ನೇ ಕೇಳುತ್ತಿರಲಿಲ್ಲ. ಫಲ ನೋಡಿ ಕೆಲಸವನ್ನು ತೂಗುವುದಾದರೆ ಜೂಜಿನಲ್ಲಿ ಗೆದ್ದವನೆಲ್ಲ ವಿವೇಕಿಯಾಗುತ್ತಾನೆ. 'ಬೀಗಲ್' ಹಡಗಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನರಿದ್ದರು, ವೈದ್ಯನಿದ್ದ. ಒಬ್ಬ ಅತಿಥಿ ಹಾಸಿಗೆ ಹಿಡಿದರೆ ಹಡಗು ನಿಲ್ಲುತ್ತಿರಲಿಲ್ಲ. ನಾನು ಹೋಗುವ ದೋಣಿಯಲ್ಲಿರುವವರು ಮೂವರು.

ಈ ಮೂವರ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ನನಗೆ ತಲೆಸುತ್ತು ಬಂತೆನ್ನಿ. ನನ್ನನ್ನು ಹಿಡಿದುಕೊಳ್ಳಲು ಒಬ್ಬರು ಬೇಕು. ಉಳಿದವರೊಬ್ಬರೇ ಚುಕ್ಕಾಣಿಯನ್ನೂ ಹಾಯಿಯನ್ನೂ ನೋಡಿಕೊಳ್ಳಬೇಕು. ನಾನು ನೀರಿಗೆ ಬಿದ್ದೆನೆನ್ನಿ. ಹಾಯಿದೋಣಿ ಎತ್ತಿನಗಾಡಿಯಂತೆ ಹಗ್ಗ ಜಗ್ಗಿದಲ್ಲಿ ನಿಲ್ಲುವುದಿಲ್ಲ. ಗಾಳಿಗೆ ತಿರುಗಿ ಹಿಂದಕ್ಕೆ ಬರುವಷ್ಟರಲ್ಲಿ ಅಲೆಗಳ ನಡುವೆ ಒಂದು ತಲೆ ತೆಂಗಿನಕಾಯಿಯಷ್ಟು ಕಂಡು ಮರೆಯಾಗುತ್ತದೆ. ಅದಕ್ಕಾಗಿಯೇ ಒಬ್ಬರು ಬೇರೇನೂ ಮಾಡದೆ ಬಿದ್ದವನ ಕಡೆಗೆ ಕೈ ತೋರಿಸುತ್ತ ನಿಂತಿರಬೇಕೆಂಬುದು ನಾವಿಕರ ನಿಯಮ. ನನ್ನ ಮನೆಯಲ್ಲಿ ನನ್ನ ತಲೆಸುತ್ತು ನನ್ನ ಸ್ವಂತದ್ದು. ದೋಣಿಯಲ್ಲಿ ಅದು ಮೂವರ ಆಸ್ತಿ. ಪಾಲುದಾರರಿಗೆ ತಿಳಿಸದೆ ಆಸ್ತಿಯ ಮೇಲೆ ಸಾಲ ಮಾಡುವವನನ್ನು ನಾವು ಏನೆಂದು ಕರೆಯುತ್ತೇವೆ?

ಒಬ್ಬನೇ ಹೋಗುವವನಿಗೂ ಈ ಪಾಲುದಾರಿಕೆ ತಪ್ಪುವುದಿಲ್ಲ. ಆಗ ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟೋಮಿ 2012–13ರಲ್ಲಿ ಎಲ್ಲಿಯೂ ನಿಲ್ಲದೆ ಒಂಟಿಯಾಗಿ ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಿ ಬಂದ ಧೀರರು. 2018ರ ಸೆಪ್ಟೆಂಬರಿನಲ್ಲಿ ಒಂದು ಪಂದ್ಯದಲ್ಲಿದ್ದಾಗ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಗೆ ಸಿಕ್ಕಿ, ಹಾಯಿಕಂಬ ಮುರಿದು, ಬೆನ್ನಿಗೆ ಪೆಟ್ಟು ಬಿದ್ದು ಏಳಲಾರದೆ ಮಲಗಿದರು. ಅವರನ್ನು ಹುಡುಕಲು ವಿಮಾನಗಳು ಹಾರಿದುವು, ಹಡಗುಗಳು ಹೊರಟುವು. ಕೊನೆಗೆ ಎತ್ತಿಕೊಂಡದ್ದು 'ಒಸಿರಿಸ್' ಎಂಬ ಫ್ರೆಂಚ್ ಹಡಗು. ಅವರು ಯಾರಿಂದಲೂ ಏನನ್ನೂ ಮುಚ್ಚಿಟ್ಟವರಲ್ಲ. ಆದರೂ ಒಂಟಿ ನಾವಿಕನ ಪ್ರಾಣದ ಮೇಲೆ ಕೂಡ, ಅವನು ಕಂಡರಿಯದ ಎಷ್ಟೋ ಜನರ ಶ್ರಮದ ಹಕ್ಕಿದೆಯೆಂಬುದು ಆ ದಿನ ಎಲ್ಲರಿಗೂ ಕಂಡಿತು.

ಇನ್ನೊಂದು ವಾದವುಂಟು, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಎಲ್ಲರೂ ತಮ್ಮ ನ್ಯೂನತೆಯನ್ನೆಲ್ಲ ಹೇಳಿಕೊಳ್ಳುತ್ತ ಹೋದರೆ ಮುದುಕರನ್ನು ಯಾರೂ ಎಲ್ಲಿಗೂ ಕರೆಯುವುದಿಲ್ಲ. ಮಕ್ಕಳು 'ನಿಮಗೇಕೆ ಈ ವಯಸ್ಸಿನಲ್ಲಿ' ಎನ್ನುತ್ತಾರೆ. ಪ್ರೀತಿಯೆಂಬ ಹೆಸರಿನಲ್ಲಿ ನಮ್ಮನ್ನು ಕುರ್ಚಿಗೆ ಕಟ್ಟಿಹಾಕುತ್ತಾರೆ. ನನ್ನ ಪ್ರಾಣವನ್ನು ಪಣಕ್ಕಿಡುವ ಹಕ್ಕು ನನ್ನದಲ್ಲವೆ? ನನ್ನದೇ. ಆದರೆ ದೋಣಿಯನ್ನು ಕೊಂಡೊಯ್ಯುವ ಹೊಣೆ ಅವಳದು. ಯಾರನ್ನು ಹತ್ತಿಸಿಕೊಳ್ಳಬೇಕೆಂದು ತಿಳಿದು ನಿರ್ಧರಿಸುವ ಹಕ್ಕೂ ಅವಳದು. ನಾನು ಮುಚ್ಚಿಟ್ಟರೆ ನನ್ನ ಹಕ್ಕನ್ನು ಚಲಾಯಿಸಿದಂತಾಗುವುದಿಲ್ಲ, ಅವಳದನ್ನು ಕದ್ದಂತಾಗುತ್ತದೆ. ವೈದ್ಯರಿಗೂ ವಕೀಲರಿಗೂ ಸುಳ್ಳು ಹೇಳಬಾರದೆನ್ನುತ್ತಾರೆ. ಆ ಪಂಕ್ತಿಯಲ್ಲಿ ಅಂಬಿಗನನ್ನೂ ಕೂರಿಸಬೇಕು.

ಹಾಗೆಂದು ಅತಿಥಿಯ ಧರ್ಮವೆಂದರೆ ಎಲ್ಲದಕ್ಕೂ ತಲೆಯಾಡಿಸುವುದೆ? ಡಾರ್ವಿನ್ನನ ಕಥೆಯಲ್ಲಿಯೇ ಉತ್ತರವಿದೆ. ಯಾನದ ಮೊದಲ ದಿನಗಳಲ್ಲಿ, ಬ್ರೆಜಿಲಿನ ಬಹಿಯದಲ್ಲಿ, ಫಿಟ್ಸ್‌ರಾಯ್ ಗುಲಾಮಗಿರಿಯನ್ನು ಹೊಗಳಿದ. ತಾನು ಕಂಡ ಒಬ್ಬ ಧಣಿ ತನ್ನ ಅನೇಕ ಗುಲಾಮರನ್ನು ಕರೆದು ನಿಮಗೆ ಬಿಡುಗಡೆ ಬೇಕೆ ಎಂದು ಕೇಳಿದಾಗ ಎಲ್ಲರೂ ಬೇಡವೆಂದರೆಂದು ಹೇಳಿದ. ಧಣಿಯ ಎದುರಿನಲ್ಲಿ ಕೊಟ್ಟ ಉತ್ತರಕ್ಕೆ ಬೆಲೆಯೇನೆಂದು ಡಾರ್ವಿನ್ ಕೇಳಿದ. ಕಪ್ತಾನನಿಗೆ ಸಿಟ್ಟು ನೆತ್ತಿಗೇರಿತು. ನನ್ನ ಮಾತನ್ನು ನಂಬದವನೊಡನೆ ಇನ್ನು ಒಟ್ಟಿಗಿರಲಾಗದೆಂದುಬಿಟ್ಟ. ಹಡಗು ಬಿಡಬೇಕಾಯಿತೆಂದೇ ಡಾರ್ವಿನ್ ತಿಳಿದ. ಅಧಿಕಾರಿಗಳು ತಮ್ಮ ಪಂಕ್ತಿಗೆ ಅವನನ್ನು ಕರೆದರು. ಕೆಲವೇ ಗಂಟೆಗಳಲ್ಲಿ ಕಪ್ತಾನ ತಾನೇ ಕ್ಷಮೆ ಕೇಳಿ ಹೇಳಿಕಳುಹಿಸಿದ.

ಪ್ಲಿಮತ್ತಿನಲ್ಲಿ ಬಾಯಿ ಮುಚ್ಚಿಕೊಂಡಿದ್ದವನೂ ಬಹಿಯದಲ್ಲಿ ಬಾಯಿ ಬಿಟ್ಟವನೂ ಒಬ್ಬನೇ. ಮೊದಲ ಮೌನದಿಂದ ಅವನಿಗೆ ಜಾಗ ಸಿಕ್ಕಿತು. ಎರಡನೆಯ ಮಾತಿನಿಂದ ಆ ಜಾಗವೇ ಹೋಗುವುದರಲ್ಲಿತ್ತು. ನನಗೆ ಬೇಕಾಗಿದ್ದ ಒರೆಗಲ್ಲು ಇದರಲ್ಲಿ ಸಿಕ್ಕಿತು. ಹಾಯಿ, ಹಗ್ಗ, ಗಾಳಿಗಳ ವಿಚಾರದಲ್ಲಿ ಅತಿಥಿ ಬಾಯಿ ಮುಚ್ಚಿ ವಿಧೇಯನಾಗಿರಲಿ. ಅದು ತಿಳಿದವರಿಗೆ ಸಲ್ಲಿಸುವ ಗೌರವ. ಉಳಿದ ಕಡೆಗಳಲ್ಲಿ ಸುಮ್ಮನಿರಬೇಕೆನ್ನಿಸಿದಾಗಲೆಲ್ಲ, ಈ ಮೌನದ ಲಾಭ ಯಾರಿಗೆ, ಅಪಾಯ ಯಾರಿಗೆ ಎಂದು ಕೇಳಿಕೊಳ್ಳಲಿ. ಲಾಭ ತನಗೂ ಅಪಾಯ ಇನ್ನೊಬ್ಬರಿಗೂ ಆದರೆ ಅದು ಸಂಕೋಚವಲ್ಲ, ಸಂಕೋಚದ ವೇಷ ಹಾಕಿದ ಸ್ವಾರ್ಥ.

ನಾನು ಮೂರು ಸಂಗತಿಗಳನ್ನೂ ಬರೆದು ಕಳುಹಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಅವಳು ಬೇಡವೆಂದರೆ ನನಗೆ ದುಃಖವಾಗುತ್ತದೆ. ಆಗುವುದಿಲ್ಲವೆಂದು ಹೇಳಿ ದೊಡ್ಡವನಾಗಲಾರೆ. ಆದರೆ ಬನ್ನಿ ಎಂದರೆ, ಆ ಕರೆ ಮೊದಲ ಕರೆಗಿಂತ ಹೆಚ್ಚಿನದು. ಮೊದಲು ಅವಳು ಕರೆದದ್ದು ಚಿಕ್ಕಂದಿನಿಂದ ಕಂಡಿದ್ದ ಮಾಮನನ್ನು. ಈಗ ಕರೆಯುವುದು ಈಜು ಬಾರದ, ಆಗಾಗ ತಲೆಸುತ್ತುವ, ಅರವತ್ತೇಳು ವರ್ಷದ ಈ ಮನುಷ್ಯನನ್ನು. ನಮ್ಮನ್ನು ತಿಳಿಯದೆ ಆದರಿಸುವ ಮನೆಗಳು ಲೋಕದಲ್ಲಿ ಬೇಕಾದಷ್ಟಿವೆ. ತಿಳಿದೂ ಜಾಗ ಕೊಡುವ ದೋಣಿಯಲ್ಲಿ ಮಾತ್ರ ಅತಿಥಿ ನೆಮ್ಮದಿಯಿಂದ ಕುಳಿತು ಕಡಲನ್ನು ನೋಡಬಲ್ಲ.