ಬೆಂಕಿ ಬಿದ್ದ ಮೇಲೆ ತೋಡಿದ ಬಾವಿ

‘ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ’ ಎಂಬ ಗಾದೆಯನ್ನು ನಾವು ಬಳಸುವುದೇ ಬೈಯಲಿಕ್ಕೆ. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ಬಿಚ್ಚಿದ ಹುಡುಗನಿಗೂ ಅದೇ, ಪೈರು ಒಣಗಿದ ಮೇಲೆ ಕಾಲುವೆ ಹೂಳೆತ್ತಲು ಬರುವ ಇಲಾಖೆಗೂ ಅದೇ. ತರ್ಕವೇನೋ ಸರಿ, ನೀರು ಸಿಗುವಷ್ಟರಲ್ಲಿ ಮನೆ ಬೂದಿ. ಆದರೆ ಸುಟ್ಟ ಮನೆಯ ಪಕ್ಕದಲ್ಲಿ ಬಾವಿಯೊಂದು ಉಳಿಯಿತಲ್ಲ, ಅದು ಯಾರಿಗೆ ಒದಗಿತು ಎಂದು ಗಾದೆ ವಿಚಾರಿಸುವುದಿಲ್ಲ. ಊರಿನವರು ಅಷ್ಟು ದಿನ ಏನು ಮಾಡುತ್ತಿದ್ದರು ಎಂದಂತೂ ಕೇಳುವುದೇ ಇಲ್ಲ.

ನಟ ಮೈಕೆಲ್ ಜೆ. ಫಾಕ್ಸ್ ವಿಷಯದಲ್ಲಿ ಈ ಎರಡನ್ನೂ ಕೇಳಬೇಕಾಗುತ್ತದೆ. ಕೆನಡಾದಲ್ಲಿ ಹುಟ್ಟಿ, 1985ರ ‘ಬ್ಯಾಕ್ ಟು ದಿ ಫ್ಯೂಚರ್’ ಚಿತ್ರದಿಂದ ಜಗತ್ತಿಗೆಲ್ಲ ಗೊತ್ತಾದವರು. 1990ರಲ್ಲಿ ಚಿತ್ರೀಕರಣಕ್ಕೆಂದು ಫ್ಲಾರಿಡಾಕ್ಕೆ ಹೋಗಿದ್ದಾಗ ಒಂದು ಬೆಳಿಗ್ಗೆ ಎಡಗೈಯ ಕಿರುಬೆರಳು ತನ್ನಷ್ಟಕ್ಕೇ ಅದುರತೊಡಗಿತು. ಮರುವರ್ಷ ವೈದ್ಯರು ಪಾರ್ಕಿನ್ಸನ್ಸ್ ಎಂದರು. ಏಳು ವರ್ಷ ಅದನ್ನು ಮುಚ್ಚಿಟ್ಟರು. ಕ್ಯಾಮೆರಾ ಎದುರು ಎಡಗೈಗೆ ಏನಾದರೊಂದು ಕೊಟ್ಟು ಆಡಿಸುತ್ತಿದ್ದರು. ಶಾಟ್ ಹೊತ್ತಿಗೆ ಸರಿಯಾಗಿ ಕೆಲಸ ಮಾಡುವಂತೆ ಮಾತ್ರೆಯ ವೇಳೆ ಲೆಕ್ಕ ಹಾಕುತ್ತಿದ್ದರು. ಜನರಿಗೆ ತಿಳಿಸಿದ್ದು 1998ರಲ್ಲಿ.

ಈ ಕಾಯಿಲೆಯ ಸ್ವಭಾವವೇ ಗಾದೆಯನ್ನು ಅಣಕಿಸುವಂಥದ್ದು. ಬೆರಳು ಅದುರುವ ಹೊತ್ತಿಗೆ ಮಿದುಳಿನಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳಲ್ಲಿ ದೊಡ್ಡ ಪಾಲು ಸತ್ತೇಹೋಗಿರುತ್ತದೆ. ಹೊಗೆ ಕಾಣುವ ಮೊದಲೇ ಒಳಮನೆ ಉರಿದಿರುತ್ತದೆ. ಲೆವೊಡೋಪ ಮಾತ್ರೆ ಅದುರುವುದನ್ನು ಕೆಲಕಾಲ ತಡೆಯುತ್ತದೆ, ಜೀವಕೋಶಗಳ ಸಾವನ್ನು ತಡೆಯುವುದಿಲ್ಲ. ಇಲ್ಲಿ ಮೊದಲೇ ಎಚ್ಚರವಾಗಿರಬೇಕಿತ್ತು ಎಂದು ರೋಗಿಯನ್ನು ಬೈಯುವುದರಲ್ಲಿ ಅರ್ಥವೇ ಇಲ್ಲ.

1999ರಲ್ಲಿ ಸಂಶೋಧನೆಗೆ ಹಣ ಕೇಳಲು ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಕೂತಾಗ ಫಾಕ್ಸ್ ಬೇಕೆಂದೇ ಮಾತ್ರೆ ಬಿಟ್ಟು ಹೋಗಿದ್ದರು. ಅಷ್ಟು ವರ್ಷ ಬಚ್ಚಿಟ್ಟ ನಡುಕವನ್ನೇ ಅಂದು ಸಾಕ್ಷಿಯಾಗಿ ಮುಂದಿಟ್ಟರು. 2006ರಲ್ಲಿ ಆದದ್ದು ಇದರ ತಿರುವುಮುರುವು. ಕಾಂಡಕೋಶ ಸಂಶೋಧನೆಯನ್ನು ಬೆಂಬಲಿಸುವ ಅಭ್ಯರ್ಥಿಯೊಬ್ಬರ ಪರ ಚುನಾವಣಾ ಜಾಹೀರಾತಿನಲ್ಲಿ ಕಾಣಿಸಿಕೊಂಡಾಗ ಅವರ ಮೈ ಎಡಬಲಕ್ಕೆ ತೂಗಾಡುತ್ತಿತ್ತು. ರೇಡಿಯೊ ವಾಚಾಳಿ ರಶ್ ಲಿಂಬಾ, ಈತ ಮಾತ್ರೆ ತೆಗೆದುಕೊಂಡಿಲ್ಲ ಅಥವಾ ನಟಿಸುತ್ತಿದ್ದಾನೆ ಎಂದು ಗೇಲಿ ಮಾಡಿದ. ಅಸಲಿಗೆ ಆ ತೂಗಾಟ ಬಂದದ್ದೇ ಮಾತ್ರೆಯಿಂದ. ವರ್ಷಗಟ್ಟಲೆ ಲೆವೊಡೋಪ ನುಂಗಿದವರಿಗೆ ಅದು ಅಂಟಿಕೊಳ್ಳುವ ಅಡ್ಡಪರಿಣಾಮ. ನಟಿಸಿ ಬದುಕಿದವನ ನಿಜವಾದ ನೋವನ್ನೂ ನಟನೆ ಎನ್ನುವ ಜನ ಎಲ್ಲ ಕಡೆಯೂ ಇರುತ್ತಾರೆ ಅನ್ನಿ.

2000ದಲ್ಲಿ ಫಾಕ್ಸ್ ಕಟ್ಟಿದ ಪ್ರತಿಷ್ಠಾನ ಈವರೆಗೆ ಸಂಶೋಧನೆಗೆ 200 ಕೋಟಿ ಡಾಲರಿಗೂ ಹೆಚ್ಚು ಹಣ ಹರಿಸಿದೆ. ಮೆಚ್ಚೋಣ. ಆದರೆ ನನ್ನ ತಕರಾರು ಊರಿನ ಮೇಲೆ. ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು ವಿವರಿಸಿದ್ದು 1817ರಲ್ಲಿ. ಹೆಸರಿಲ್ಲದ ಎಷ್ಟು ಮನೆಗಳು ಅಷ್ಟರಲ್ಲಿ ಉರಿದವು! ಗುದ್ದಲಿಗಳು ಹೊರಬರಬೇಕಾದರೆ ಸಿನಿಮಾ ನಟನ ಮನೆಗೇ ಬೆಂಕಿ ಬೀಳಬೇಕಾಯಿತೆ? ಗಾದೆಯ ಬೈಗುಳ ನ್ಯಾಯವಾಗಿ ಸಲ್ಲಬೇಕಾದದ್ದು ಕೈಯಲ್ಲಿ ಖಜಾನೆ ಇಟ್ಟುಕೊಂಡವರಿಗೆ.

ಪ್ರತಿಷ್ಠಾನ 2010ರಲ್ಲಿ ದೊಡ್ಡ ಅಧ್ಯಯನವೊಂದನ್ನು ಶುರು ಮಾಡಿತು. 2023ರಲ್ಲಿ ಅದರಿಂದ ಬಂದ ಫಲಿತಾಂಶ ಮುಖ್ಯವಾದದ್ದು: ಬೆನ್ನುಹುರಿಯ ದ್ರವದಲ್ಲಿ ಆಲ್ಫಾ-ಸೈನ್ಯೂಕ್ಲಿನ್ ಎಂಬ ಪ್ರೋಟೀನು ಕೆಟ್ಟು ಮಡಚಿಕೊಂಡಿರುವುದನ್ನು ಪತ್ತೆ ಮಾಡಬಹುದು, ಕೆಲವರಲ್ಲಿ ನಡುಕ ಹುಟ್ಟುವ ಮೊದಲೇ. ಕಾಯಿಲೆಯನ್ನು ತಡೆಯುವ ಔಷಧಿ ಇನ್ನೂ ಬಂದಿಲ್ಲ. ಅಧ್ಯಯನಕ್ಕೆ ಈಗ ಕರೆಯುತ್ತಿರುವವರಲ್ಲಿ ಕೈಕಾಲು ನೆಟ್ಟಗಿರುವವರೂ ಇದ್ದಾರೆ. ಮೂಗಿಗೆ ವಾಸನೆ ಹತ್ತದವರು, ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಒದ್ದಾಡುವವರು; ಇವು ಕಾಯಿಲೆಯ ಮುನ್ಸೂಚನೆಗಳಾಗಿರಬಹುದು. ತಮಗಿನ್ನೂ ಬಾರದ ಕಾಯಿಲೆಗಾಗಿ ಬೆನ್ನಿಗೆ ಸೂಜಿ ಚುಚ್ಚಿಸಿಕೊಳ್ಳಲು ಅವರು ಒಪ್ಪುತ್ತಿದ್ದಾರೆ.