ಎಚ್ಚರವಿರುವವರ ವೇತನ ಯಾರ ಪಾಲು?

ನಡುರಾತ್ರಿಯಲ್ಲಿ ಮನೆಗೆ ಬೆಂಕಿ ಬಿದ್ದಾಗ, ಹಿರಿಯರಿಗೆ ಎದೆನೋವು ಕಾಣಿಸಿಕೊಂಡಾಗ ದೂರವಾಣಿಯ ಮೂರು ಅಂಕಿಗಳನ್ನು ಒತ್ತುತ್ತೇವೆ. ಆ ಕಡೆಯಿಂದ ಒಂದು ದನಿ ಉತ್ತರಿಸುತ್ತದೆ. ಆ ವ್ಯಕ್ತಿಯ ವೇತನವನ್ನು ಯಾರು ಭರಿಸುತ್ತಾರೆಂದು ಆ ಗಳಿಗೆಯಲ್ಲಿ ಯಾರೂ ಕೇಳುವುದಿಲ್ಲ. ಆದರೆ ಯಾರೋ ಆ ಪ್ರಶ್ನೆಯನ್ನು ಮೊದಲೇ ಕೇಳಿ ಉತ್ತರ ಕಂಡುಕೊಂಡಿದ್ದರೆ ಮಾತ್ರ ಆ ದನಿ ಅಲ್ಲಿರುತ್ತದೆ.

ಈ ವ್ಯವಸ್ಥೆಯ ಹುಟ್ಟಿನಲ್ಲಿಯೇ ಒಂದು ನೋವಿದೆ. 1935ರ ನವೆಂಬರಿನಲ್ಲಿ ಲಂಡನ್ನಿನ ವಿಂಪೋಲ್ ಬೀದಿಯ ಮನೆಯೊಂದಕ್ಕೆ ಬೆಂಕಿ ಬಿದ್ದು ಐವರು ಮಹಿಳೆಯರು ಮಡಿದರು. ನೆರೆಯವರೊಬ್ಬರು ಮಾಡಿದ ಕರೆ ದೂರವಾಣಿ ಕೇಂದ್ರದ ಸರದಿಯಲ್ಲಿ ಸಿಲುಕಿಕೊಂಡಿತ್ತು. ಆ ಬಳಿಕ, 1937ರ ಜೂನ್ 30ರಂದು, 999 ಎಂಬ ತುರ್ತು ಸಂಖ್ಯೆ ಅಲ್ಲಿ ಜಾರಿಗೆ ಬಂದಿತು. ಅಮೆರಿಕದಲ್ಲಿ 911ರ ಮೊದಲ ಕರೆ 1968ರ ಫೆಬ್ರವರಿ 16ರಂದು ಅಲಬಾಮಾ ರಾಜ್ಯದ ಹೇಲಿವಿಲ್ ಪಟ್ಟಣದಲ್ಲಿ ಆಯಿತು.

ಅಮೆರಿಕದಲ್ಲಿ ಈ ಕರೆಗಳಿಗೆ ಉತ್ತರಿಸುವ ಹೊಣೆ ಬಹುಮಟ್ಟಿಗೆ ಸ್ಥಳೀಯ ಆಡಳಿತಗಳದು. ಚಿಕ್ಕ ನಗರಕ್ಕೆ ಇದು ದೊಡ್ಡ ಹೊರೆ. ವಾರಕ್ಕೆ 168 ಗಂಟೆ. ಒಬ್ಬ ನೌಕರನ ದುಡಿಮೆ 40 ಗಂಟೆ. ರಜೆ, ಅನಾರೋಗ್ಯ, ತರಬೇತಿಗಳನ್ನು ಲೆಕ್ಕಕ್ಕೆ ಹಿಡಿದರೆ, ಒಂದೇ ಒಂದು ಕುರ್ಚಿಯನ್ನು ಹಗಲಿರುಳು ತುಂಬಲು ಸುಮಾರು ಐವರು ಬೇಕು. ರಾತ್ರಿ ಬಂದದ್ದು ಎರಡೇ ಕರೆಯಾದರೂ ಈ ವೆಚ್ಚ ತಗ್ಗದು. ಆದುದರಿಂದಲೇ ನೆರೆಹೊರೆಯ ನಗರಗಳು ಕೂಡಿ ಜಂಟಿ ಕೇಂದ್ರಗಳನ್ನು ಕಟ್ಟಿಕೊಳ್ಳುತ್ತವೆ. ಲಾಸ್ ಏಂಜಲೀಸಿನ ಬಳಿ 1975ರಲ್ಲಿ ರಚನೆಯಾದ ಇಂತಹ ಒಂದು ಪ್ರಾಧಿಕಾರದ ಒಡೆತನ ಗಾರ್ಡೀನಾ, ಹಾಥಾರ್ನ್ ಮತ್ತು ಮ್ಯಾನ್‌ಹಟನ್ ಬೀಚ್ ನಗರಗಳದು. 2020ರ ಜನಗಣತಿಯಂತೆ ಹಾಥಾರ್ನ್‌ನಲ್ಲಿ ಸುಮಾರು 88,000 ಜನ, ಬಹುಪಾಲು ದುಡಿಯುವ ಕುಟುಂಬಗಳು. ಮ್ಯಾನ್‌ಹಟನ್ ಬೀಚ್‌ನಲ್ಲಿ ಸುಮಾರು 35,000 ಜನ. ಅದು ಸಿರಿವಂತರ ಕಡಲತೀರ.

ಹೀಗೆ ಅಸಮಾನರು ಒಂದೇ ಸೂರಿನಡಿ ಕೂಡಿದಾಗ ವೆಚ್ಚವನ್ನು ಹಂಚುವುದು ಹೇಗೆ? ಎಲ್ಲರೂ ಸಮಪಾಲು ಕೊಡಲಿ ಎಂದರೆ ಚಿಕ್ಕ ಊರು ಕುಗ್ಗಿಹೋಗುತ್ತದೆ. ಜನಸಂಖ್ಯೆಗೆ ತಕ್ಕಂತೆ ಎಂದರೆ, ಹೆದ್ದಾರಿಯೂ ಮಾರುಕಟ್ಟೆಯೂ ಇದ್ದು ನಿವಾಸಿಗಳು ಕಡಿಮೆ ಇರುವ ಊರಿಗೆ ಲಾಭ. ಆಸ್ತಿಯ ಮೌಲ್ಯಕ್ಕೆ ತಕ್ಕಂತೆ ಎಂದರೆ ಸಿರಿವಂತ ನಗರ ಮುನಿಯುತ್ತದೆ. ಹಾಗಾದರೆ ಹೆಚ್ಚು ಕರೆ ಮಾಡಿದವರೇ ಹೆಚ್ಚು ಕೊಡಲಿ ಎಂಬ ಮಾತು ಮೊದಲ ನೋಟಕ್ಕೆ ಬಹಳ ನ್ಯಾಯವಾಗಿ ಕಾಣುತ್ತದೆ.

ನಿಜವಾಗಿ ಅದು ನ್ಯಾಯವೇ? ಹೆಚ್ಚು ಕರೆ ಬರುವುದು ಎಲ್ಲಿಂದ? ವೃದ್ಧರು ಹೆಚ್ಚಿರುವ ಕೇರಿಗಳಿಂದ, ಇಕ್ಕಟ್ಟಾದ ಬಾಡಿಗೆ ಮನೆಗಳಿಂದ, ಅಪಘಾತಗಳು ನಡೆಯುವ ರಸ್ತೆಗಳಿಂದ. ಕರೆಯ ಲೆಕ್ಕವೊಂದನ್ನೇ ಹಿಡಿದರೆ ಸಂಕಟಕ್ಕೇ ತೆರಿಗೆ ಹಾಕಿದಂತಾಗುವುದಿಲ್ಲವೇ? ಪ್ರತಿ ಕರೆಯೂ ಖರ್ಚಿನ ಬಾಬ್ತು ಎಂದು ಕಂಡ ಆಡಳಿತಕ್ಕೆ, ಕರೆ ಕಡಿಮೆಯಾದರೆ ಸಾಕು ಎಂಬ ಆಸೆಯೂ ಮೂಡಬಹುದು.

ಹಂಚಿಕೆಯ ನ್ಯಾಯವೆಂದರೆ ಸಮಪಾಲಲ್ಲ, ತಕ್ಕ ಅನುಪಾತ ಎಂದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ವಿವರಿಸಿದ್ದಾನೆ. ಯಾವುದಕ್ಕೆ ತಕ್ಕಂತೆ ಎಂಬಲ್ಲಿಯೇ ಮನುಷ್ಯರು ಜಗಳವಾಡುತ್ತಾರೆಂಬುದನ್ನೂ ಅವನು ಬಲ್ಲವನಾಗಿದ್ದ. ಇಲ್ಲಿ ಆ ಜಗಳವನ್ನು ಬಿಡಿಸಲು, ನಾವು ಕೊಳ್ಳುತ್ತಿರುವುದೇನು ಎಂದು ಮೊದಲು ಕೇಳಬೇಕು. ನಾವು ಕೊಳ್ಳುತ್ತಿರುವುದು ಕರೆಗಳನ್ನಲ್ಲ, ಎಚ್ಚರವನ್ನು. ವರ್ಷವಿಡೀ ಒಮ್ಮೆಯೂ ಕರೆಯದ ಮನೆಯೂ ಪ್ರತಿರಾತ್ರಿ ಆ ಎಚ್ಚರದ ರಕ್ಷಣೆಯಲ್ಲಿಯೇ ನಿದ್ರಿಸುತ್ತದೆ. ಆದುದರಿಂದ ಕುರ್ಚಿ, ಯಂತ್ರ, ಕಟ್ಟಡಗಳ ಸ್ಥಿರ ವೆಚ್ಚವನ್ನು ರಕ್ಷಣೆ ಪಡೆದವರೆಲ್ಲರೂ ತಮ್ಮ ಜನಬಲಕ್ಕೂ ಶಕ್ತಿಗೂ ತಕ್ಕಂತೆ ಹೊರುವುದು ನ್ಯಾಯ. ಕರೆಗಳು ಹೆಚ್ಚಿದುದರಿಂದಲೇ ಬೇಕಾದ ಹೆಚ್ಚುವರಿ ಸಿಬ್ಬಂದಿಯ ವೆಚ್ಚಕ್ಕೆ ಮಾತ್ರ ಬಳಕೆಯ ಲೆಕ್ಕ ಹಿಡಿಯಬಹುದು. ಅಜಾಗ್ರತೆಯಿಂದ ಪದೇ ಪದೇ ಸುಳ್ಳು ಗಂಟೆ ಬಾರಿಸುವ ಕಳ್ಳತನ ನಿರೋಧಕ ಯಂತ್ರದ ಮಾಲೀಕನಿಗೆ ದಂಡ ವಿಧಿಸುವುದೂ ತಪ್ಪಲ್ಲ.

ಇನ್ನೊಂದು ಹೊಣೆಯೂ ಇದೆ. ಹೆಚ್ಚು ಹಣ ಕೊಡುವ ನಗರವೇ ಎಲ್ಲವನ್ನೂ ತೀರ್ಮಾನಿಸುವಂತಾಗಬಾರದು. ಚಿಕ್ಕ ಊರಿನ ಮಾತಿಗೂ ಅಲ್ಲಿ ತೂಕವಿರಬೇಕು. ಹಾಗೆಯೇ, ಪಾಲು ಹೆಚ್ಚಾಯಿತೆಂದು ಒಂದು ನಗರ ದಿಢೀರನೆ ಹೊರನಡೆದರೆ ಸ್ಥಿರ ವೆಚ್ಚವೆಲ್ಲ ಉಳಿದವರ ಹೆಗಲೇರುತ್ತದೆ. ಸಾಕಷ್ಟು ಮುಂಚಿತವಾಗಿ ತಿಳಿಸಿ ಹೊರಡುವುದು ಕೇವಲ ಒಪ್ಪಂದದ ಷರತ್ತಲ್ಲ, ನೆರೆಹೊರೆಯ ಧರ್ಮವೂ ಹೌದು.

ನಮ್ಮ ಕರ್ನಾಟಕದಲ್ಲಿ 112 ರಾಜ್ಯಮಟ್ಟದ ವ್ಯವಸ್ಥೆ. ಆದಕಾರಣ ಇದಕ್ಕಾಗಿ ನಗರಸಭೆಗಳು ತಮ್ಮೊಳಗೆ ಪಾಲು ಲೆಕ್ಕ ಹಾಕುವ ಪ್ರಮೇಯ ನಮ್ಮಲ್ಲಿಲ್ಲ. ಆದರೆ "ನಾನು ಬಳಸದುದಕ್ಕೆ ನಾನೇಕೆ ಕೊಡಲಿ?" ಎಂಬ ಪ್ರಶ್ನೆ ನಮ್ಮ ಬೀದಿದೀಪಕ್ಕೂ ವಸತಿ ಸಮುಚ್ಚಯದ ಕಾವಲುಗಾರನಿಗೂ ಬಂದೇ ಬರುತ್ತದೆ. ಆಗ ಒಂದು ಮಾತನ್ನು ನೆನೆಯೋಣ: ಕರೆಯುವ ಅಗತ್ಯವೇ ಬಾರದಿರುವುದು ನಮ್ಮ ಭಾಗ್ಯ, ಆ ಭಾಗ್ಯವನ್ನೇ ನೆಪಮಾಡಿಕೊಂಡು ಕರೆಯಲೇಬೇಕಾದವರ ಮೇಲೆ ಇಡೀ ಹೊರೆಯನ್ನು ಹೊರಿಸುವುದು ಅನ್ಯಾಯ.