ಮುಯ್ಯಿ ಬರೆದವರು

ನಮ್ಮ ಚನ್ನಪಟ್ಟಣ, ಮಾಗಡಿ ಕಡೆಯ ಮದುವೆಮನೆಯಲ್ಲಿ ಊಟದ ಪಂಕ್ತಿಯಷ್ಟೇ ಮುಖ್ಯವಾದದ್ದು ಮುಯ್ಯಿ ಪುಸ್ತಕ. ಚಪ್ಪರದ ಮೂಲೆಯಲ್ಲಿ ಒಬ್ಬ ಕೂತು ಯಾರು, ಯಾವೂರು, ಎಷ್ಟು ಎಂದು ಕೇಳಿ ಬರೆದುಕೊಳ್ಳುತ್ತಾನೆ. ನಾಲ್ಕಾರು ವರ್ಷ ಕಳೆದು ಅವರ ಮನೆಯಲ್ಲಿ ಶುಭಕಾರ್ಯ ಬಂದಾಗ ಪುಸ್ತಕ ತೆಗೆದು ನೋಡಿ, ಬರೆದದ್ದಕ್ಕೆ ಒಂದಿಷ್ಟು ಸೇರಿಸಿ ತೀರಿಸಬೇಕು. ಓದಿದವರು ಇದನ್ನು ಕಂಡು ಮೂಗು ಮುರಿಯುತ್ತಾರೆ, ವಿಶ್ವಾಸಕ್ಕೂ ಲೆಕ್ಕವೇ ಅಂತ. ಈಗ ಲಗ್ನಪತ್ರಿಕೆಯ ಕೆಳಗೆ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚು ಹಾಕಿಸುವುದೇ ದೊಡ್ಡಸ್ತಿಕೆ. ಆ ಸಾಲು ಓದಿದಾಗಲೆಲ್ಲ ನನಗೆ ಸಣ್ಣಗೆ ಸಿಟ್ಟು ಬರುತ್ತದೆ. ನಿಮ್ಮ ಹಂಗು ನಮಗೆ ಬೇಡ ಎನ್ನುವುದನ್ನು ಎಷ್ಟು ನಯವಾಗಿ ಹೇಳುತ್ತಾರೆ ನೋಡಿ!

ಕೊಟ್ಟದ್ದನ್ನು ಬರೆದಿಡಬೇಕೇ ಬೇಡವೇ ಎಂಬುದು ಧರ್ಮಶಾಸ್ತ್ರದವರು ಬಿಡಿಸಬೇಕಾದ ಪ್ರಶ್ನೆ. ನಾನು ಎಲ್ಲೋ ಬೋರ್ಡ್ ಕಾರು ಓಡಿಸುವವನು. ಡ್ರೈವರ್ ಕೆಲಸದಲ್ಲಿ ಓಡಿಸುವುದಕ್ಕಿಂತ ಕಾಯುವುದೇ ಜಾಸ್ತಿ. ಕಾಯುವ ಹೊತ್ತಿನಲ್ಲಿ ಕೆಲವರು ಮಲಗುತ್ತಾರೆ, ನಾನು ಓದುತ್ತೇನೆ. ನಮ್ಮ ಸ್ಟ್ಯಾಂಡಿನ ಕಾರುಗಳಲ್ಲಿ ಹೆಚ್ಚಿನವು ಪಕ್ಕದ ಬಿಡದಿಯಲ್ಲೇ ಹುಟ್ಟಿದವು. ಟೊಯೋಟಾ ಕಾರ್ಖಾನೆಯಿಂದ 1999ರ ಕೊನೆಗೆ ಕ್ವಾಲಿಸ್ ಹೊರಬರಲು ಶುರುವಾಯಿತಲ್ಲ, ನಮ್ಮ ಹಿರಿಯರೊಬ್ಬರು ಸಾಲ ಮಾಡಿ ಅದನ್ನೇ ತಂದು ಸ್ಟ್ಯಾಂಡಿನಲ್ಲಿ ನಿಲ್ಲಿಸಿದರು. ಆಮೇಲೆ ಇನ್ನೋವಾ, ಎಟಿಯೋಸ್. ಬಾಡಿಗೆಗೆ ಸರದಿ ಉಂಟು, ತಿಂಗಳ ಚೀಟಿ ಉಂಟು, ಆಯುಧಪೂಜೆಯ ದಿನ ಕುಂಬಳಕಾಯಿ ಒಡೆದು ಚಕ್ರಕ್ಕೆ ನಿಂಬೆಹಣ್ಣಿಟ್ಟು ವರ್ಷದ ಲೆಕ್ಕ ಮುಚ್ಚುವುದುಂಟು. ಆ ಲೆಕ್ಕ ಬರೆಯುವವನು ನಾನು.

ಸ್ಟ್ಯಾಂಡಿಗೆ ಕಿರಿಯವನಾದ ಒಬ್ಬ ಹುಡುಗನಿಗೆ ಜ್ವರ ಬಂತು, ಬಿಡಲಿಲ್ಲ. ತೋಳಿನ ಮೇಲೆ ಪೆಟ್ಟು ಬಿದ್ದಿಲ್ಲದ ಕಡೆ ನೀಲಿ ಕಲೆ, ಹಲ್ಲುಜ್ಜಿದರೆ ವಸಡಲ್ಲಿ ರಕ್ತ. ಕೊನೆಗೆ ಬೆಂಗಳೂರಿನ ಕಿದ್ವಾಯಿಗೆ ಕರೆದುಕೊಂಡು ಹೋದೆವು. 1973ರಲ್ಲಿ ಶುರುವಾದ ಈ ಆಸ್ಪತ್ರೆಯ ಹೆಸರು ನಮ್ಮ ಕಡೆಯ ಎಲ್ಲ ತಾಲ್ಲೂಕುಗಳಲ್ಲೂ ಗೊತ್ತು. ಆ ಕಿದ್ವಾಯಿ ಯಾರು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ನೆಹರೂ ಸಂಪುಟದಲ್ಲಿ ಆಹಾರ ಮಂತ್ರಿಯಾಗಿದ್ದಾಗಲೇ 1954ರಲ್ಲಿ ತೀರಿಹೋದ ರಫಿ ಅಹ್ಮದ್ ಕಿದ್ವಾಯಿ. ಹುಡುಗನಿಗೆ ಬ್ಲಡ್ ಕ್ಯಾನ್ಸರ್ ಎಂದರು. ಎರಡು ಮೂರು ವರ್ಷದ ಚಿಕಿತ್ಸೆ ಎಂದರು.

ವಾರದೊಳಗೆ ಅವರ ಮನೆಯ ಜಗಲಿಗೆ ಕರ್ಮದ ಮಾತು ಬಂತು. ಹೋದ ಜನ್ಮದ್ದು ಎಂದರು ಕೆಲವರು. ರಸ್ತೆಗೆ ಜಮೀನು ಬಿಟ್ಟುಕೊಟ್ಟಾಗ ನಾಗರಕಲ್ಲು ಎತ್ತಿಸಿದ್ದರಲ್ಲ, ಅದೇ ಎಂದರು ಇನ್ನು ಕೆಲವರು. ಡಾಕ್ಟರು ಹೇಳಿದ್ದು ಬೇರೆ: ಮೂಳೆಯ ಮಜ್ಜೆಯಲ್ಲಿ ಒಂದು ಕಣ ದಾರಿ ತಪ್ಪಿ ತನ್ನಂಥವನ್ನೇ ಹೆಚ್ಚಿಸುತ್ತಾ ಹೋಗುತ್ತದೆ, ಹೆಚ್ಚಿನವರಲ್ಲಿ ಇಂಥದೇ ಕಾರಣ ಎಂದು ತೋರಿಸಲಾಗದು, ನೀವೇನೂ ತಪ್ಪು ಮಾಡಿಲ್ಲ ತಾಯಿ. ಆ ಕೊನೆಯ ಮಾತಿಗೆ ಅವರಮ್ಮ ಕೈ ಮುಗಿದದ್ದನ್ನು ನಾನು ನೋಡಿದೆ. ಕರ್ಮವೂ ಒಂದು ಲೆಕ್ಕದ ಪುಸ್ತಕವೇ. ಆದರೆ ಅದನ್ನು ಬರೆದವನು ಯಾರಿಗೂ ತೋರಿಸುವುದಿಲ್ಲ, ಬಾಕಿ ಎಷ್ಟೆಂದು ಹೇಳುವುದಿಲ್ಲ, ವಸೂಲಿಗೆ ಮಾತ್ರ ಬರುತ್ತಾನೆ. ಅಂಥ ಪುಸ್ತಕ ನಮ್ಮ ಸ್ಟ್ಯಾಂಡಿನಲ್ಲಿ ಇಟ್ಟರೆ ಒಂದೇ ದಿನಕ್ಕೆ ಹರಿದು ಬಿಸಾಕುತ್ತಾರೆ.

ಚಿಕಿತ್ಸೆಯ ಖರ್ಚಿಗೆ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಆಯುಷ್ಮಾನ್ ಯೋಜನೆ ಇದೆ. ತಾಯಿ ಕೂಲಿ ಬಿಟ್ಟು ಆಸ್ಪತ್ರೆಯಲ್ಲಿ ಕೂತರೆ ಮನೆ ನಡೆಯುವುದಕ್ಕೆ ಯೋಜನೆ ಇಲ್ಲ. ಕಾರಿನ ಕಂತಿಗೂ ಇಲ್ಲ. ದುಡ್ಡು ಕೂಡಿಸಿದೆವು. ಅವನ ಕಾರನ್ನು ಸರದಿಯ ಮೇಲೆ ಒಬ್ಬೊಬ್ಬರು ಓಡಿಸಿ ಕಂತು ಕಟ್ಟಿದೆವು. ಇದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ಎಲ್ಲ ಸ್ಟ್ಯಾಂಡಿನಲ್ಲೂ ಮಾಡುತ್ತಾರೆ. ಜಗಳವಾದದ್ದು ಬರೆಯುವ ವಿಷಯಕ್ಕೆ.

ಪುಸ್ತಕ ತೆರೆದು ಹುಡುಗನ ಹೆಸರು ಹಾಕಿ, ಅದರ ಕೆಳಗೆ ಕೊಟ್ಟವರ ಹೆಸರು ಬರೆಯಲು ಹೋದೆ. ಕ್ವಾಲಿಸ್ ಹಿರಿಯರು ಪೆನ್ನು ಹಿಡಿದುಕೊಂಡರು. “ಏನಯ್ಯ, ಸಾಯೋ ಹುಡುಗನ ಮೇಲೆ ಸಾಲ ಬರೀತೀಯಾ? ಧರ್ಮ ಅಂತ ಬರಿ, ಇಲ್ಲಾ ಬರೀಲೇಬೇಡ.” ಅವರು ಮಾಗಡಿ ತಾಲ್ಲೂಕಿನವರು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 1907ರಲ್ಲಿ ಹುಟ್ಟಿದ ವೀರಾಪುರ ಅವರ ಹೆಂಡತಿಯ ಊರಿನ ಪಕ್ಕದಲ್ಲೇ. ಮಠದಲ್ಲಿ ಉಂಡವನ ಹೆಸರನ್ನು ಬುದ್ಧಿಯವರು ಬರೆದಿಟ್ಟುಕೊಂಡಿದ್ದರಾ ಎಂದು ಕೇಳಿದರು. ಬಸವಣ್ಣನವರ ದಾಸೋಹದಲ್ಲಿ ಕೊಟ್ಟೆ ಎನ್ನುವ ನೆನಪೂ ಕೊಡುವವನಿಗೆ ಇರಕೂಡದು ಎಂದರು. ಗೀತೆಯೂ ಅವರ ಕಡೆಗೇ ಇದೆ: ತಿರುಗಿ ಉಪಕಾರ ಮಾಡಲಾಗದವನಿಗೆ ಕೊಟ್ಟದ್ದು ಸಾತ್ವಿಕ ದಾನ, ಪ್ರತಿಫಲದ ಮೇಲೆ ಕಣ್ಣಿಟ್ಟು ಕೊಟ್ಟದ್ದು ರಾಜಸ. ಆ ಲೆಕ್ಕದಲ್ಲಿ ನಮ್ಮ ಮುಯ್ಯಿಯೆಲ್ಲ ಎರಡನೇ ದರ್ಜೆ.

ರಾಮನಗರದ ಪೀರನ್ ಷಾ ವಲಿ ದರ್ಗಾಕ್ಕೆ ಹರಕೆ ಕಟ್ಟಿ ಬಂದಿದ್ದ ನಮ್ಮ ಸಾಬರೊಬ್ಬರು ಬೇರೆ ಮಾತು ತೆಗೆದರು. ಅವರಲ್ಲಿ ಕರ್ಜ್-ಎ-ಹಸನಾ ಎಂಬುದಿದೆ. ಬಡ್ಡಿ ಇಲ್ಲದ ಸಾಲ. ತೆಗೆದುಕೊಂಡವನು ಕಷ್ಟದಲ್ಲಿದ್ದರೆ ಗಡುವು ಮುಂದೆ ಹಾಕಬೇಕು, ಬಿಟ್ಟುಬಿಟ್ಟರೆ ಇನ್ನೂ ಒಳ್ಳೆಯದು. ಆದರೆ ಮೊದಲು ಅದು ಸಾಲವೇ. ಇನ್ನೊಬ್ಬ ಕನಕಪುರದವನು, ಕಬ್ಬಾಳಮ್ಮನಿಗೆ ಹರಕೆ ಹೊತ್ತವನು, ನಕ್ಕ: “ಹುಡುಗ ಎದ್ರೆ ಸೀರೆ ಉಡಿಸ್ತೀನಿ ಅಂತ ಅಮ್ಮನ ಹತ್ರಾನೇ ಮುಯ್ಯಿ ಬರೆಸಿ ಬಂದಿದೀನಿ. ಅವಳಿಗಿಲ್ಲದ ಅವಮಾನ ನಮಗೇನು?”

ತೀರ್ಮಾನ ಮಾಡಿದವನು ಹುಡುಗನೇ. ಕಿಮೋ ನಡೆಯುವಾಗ ಹಾಸಿಗೆಯ ಪಕ್ಕ ಕೂತು, ದುಡ್ಡಿನ ಯೋಚನೆ ಬಿಡು ಮಗ, ಅದು ಯಾರೂ ವಾಪಸ್ ಕೇಳೋದಲ್ಲ ಎಂದೆ. ಅವನ ಮುಖ ಇಳಿಯಿತು. “ಯಾಕಣ್ಣ, ಡಾಕ್ಟ್ರು ನಿಮ್ಮ ಹತ್ರ ಏನಾದ್ರೂ ಹೇಳಿದ್ರಾ?” ಎಂದ. ಸ್ವಲ್ಪ ಹೊತ್ತು ಬಿಟ್ಟು, “ಬರ್ಕೊಳಿ ಅಣ್ಣ. ಯಾರ್ಯಾರು ಎಷ್ಟೆಷ್ಟು ಅಂತ ಬರ್ಕೊಳಿ,” ಎಂದ.

ಗೀತೆ ಕೊಡುವವನ ಕಡೆಯಿಂದ ಮಾತಾಡುತ್ತದೆ. ಅವನ ಮನಸ್ಸು ಶುದ್ಧವೋ ಅಲ್ಲವೋ ಎಂಬುದು ಅದರ ಚಿಂತೆ. ಹಾಸಿಗೆಯಲ್ಲಿ ಮಲಗಿರುವವನಿಗೆ ಬೇರೆ ಚಿಂತೆ ಇರುತ್ತದೆ. ‘ಧರ್ಮ’ ಎಂದು ಬರೆದ ಕೂಡಲೇ ಅವನು ತೀರಿಸಲಾರ ಎಂದೂ ಬರೆದಂತಾಯಿತು. ಮುಯ್ಯಿ ಎಂದು ಬರೆದರೆ ನೀನು ಬದುಕಿರುತ್ತೀಯ, ದುಡಿಯುತ್ತೀಯ, ನಮ್ಮ ಮಕ್ಕಳ ಮದುವೆಗೆ ಬಂದು ಕೊಟ್ಟು ಹೋಗುತ್ತೀಯ ಎಂದು ಹತ್ತು ಜನರ ಮುಂದೆ ಬರೆದಂತೆ. ಅದಕ್ಕಿಂತ ದೊಡ್ಡ ಪ್ರಾರ್ಥನೆ ನನಗೆ ಬರುವುದಿಲ್ಲ. ಸಿದ್ಧಗಂಗೆಯ ಮಾತಿಗೂ ನನ್ನದೊಂದು ಉತ್ತರವಿದೆ. ಅಲ್ಲಿ ಓದಿ ಹೋದ ಹುಡುಗರು ಮುದುಕರಾದ ಮೇಲೂ ಮಠಕ್ಕೆ ಅಕ್ಕಿಮೂಟೆ ಹೊತ್ತು ತರುತ್ತಾರೆ. ಬೇಡ ಎಂದು ಮಠ ಬಾಗಿಲು ಹಾಕಿದ್ದು ನಾನು ಕೇಳಿಲ್ಲ.

ಹುಡುಗನ ತಾಯಿಗೆ ಈ ಚರ್ಚೆಯೇ ಅರ್ಥವಾಗಲಿಲ್ಲ. ಅವರದು ರೇಷ್ಮೆ ಸಾಕುವ ಮನೆ. ಹುಳು ಹಣ್ಣಾದ ದಿನ ತಡೆಯುವಂತಿಲ್ಲ. ಮೇವು ಬಿಟ್ಟು ತಲೆಯೆತ್ತಿ ಆಡಿಸುತ್ತಾ ಗೂಡು ಕಟ್ಟಲು ಜಾಗ ಹುಡುಕುತ್ತವೆ. ಒಂದೊಂದನ್ನೇ ಆರಿಸಿ ಚಂದ್ರಿಕೆಗೆ ಬಿಡಬೇಕು. ಒಂದು ಮನೆಯವರ ಕೈಯಿಂದ ಆಗುವ ಕೆಲಸವಲ್ಲ. ಅಕ್ಕಪಕ್ಕದವರು ಮುಯ್ಯಾಳಾಗಿ ಬರುತ್ತಾರೆ. ಅವರ ಹುಳು ಹಣ್ಣಾದಾಗ ಇವರು ಹೋಗುತ್ತಾರೆ. ಹೋಗದಿದ್ದರೆ ಜಗಳ, ಬರುವುದು ಬೇಡ ಎಂದರೆ ಅದಕ್ಕಿಂತ ದೊಡ್ಡ ಜಗಳ. “ಬರ್ಕಳ್ದೆ ಇನ್ನೇನ್ಮಾಡ್ತೀರಾ?” ಎಂದರು ಆಕೆ.

ಬರೆಯಲು ಕಷ್ಟವಾದದ್ದು ಪ್ಲೇಟ್ಲೆಟ್. ಕಿಮೋ ಕೊಟ್ಟಾಗ ಕೆಟ್ಟ ಕಣದ ಜೊತೆ ಒಳ್ಳೆಯವೂ ಸಾಯುತ್ತವೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್ ಪಾತಾಳಕ್ಕೆ ಇಳಿಯುತ್ತದೆ. ತೆಗೆದಿಟ್ಟದ್ದು ಐದು ದಿನ ಮಾತ್ರ ಬಾಳುತ್ತದೆ, ಅದೂ ಫ್ರಿಜ್ಜಿನಲ್ಲಲ್ಲ, ಹೊರಗೆ ತೂಗುತ್ತಲೇ ಇರುವ ತಟ್ಟೆಯ ಮೇಲೆ. ಹಾಗಾಗಿ ಬೇಕಾದಾಗಲೆಲ್ಲ ಹೊಸಬರು ಬೇಕು. ದುಡ್ಡಿಗೆ ರಕ್ತ ಕೊಡುವ ಕಸುಬನ್ನು ಸುಪ್ರೀಂ ಕೋರ್ಟು 1996ರ ತೀರ್ಪಿನಲ್ಲಿ ನಿಲ್ಲಿಸಲು ಹೇಳಿತು, ಒಳ್ಳೆಯದೇ ಆಯಿತು. ನಮ್ಮವರು ಹೋದರು. ಒಂದು ಗಂಟೆಗೂ ಮೇಲೆ ಮಲಗಬೇಕು. ರಕ್ತ ಯಂತ್ರಕ್ಕೆ ಹೋಗಿ, ಪ್ಲೇಟ್ಲೆಟ್ ಅಲ್ಲಿ ಉಳಿದು, ಮಿಕ್ಕದ್ದು ತಿರುಗಿ ಮೈಗೆ ಬರುತ್ತದೆ. ತುಟಿ ಜುಮ್ಮೆನ್ನುತ್ತದೆ, ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರೆ. ಚೀಲದಲ್ಲಿ ತುಂಬಿದ್ದು ಕೆಂಪಲ್ಲ, ಮಾಸಲು ಹಳದಿ. ತಾಯಿ ಅದನ್ನು ನೋಡಿ, ಹಣ್ಣಾದ ಹುಳುವಿನ ಬಣ್ಣ ಎಂದರು. ಸಾಬರದ್ದು, ಗೌಡರದ್ದು, ಕಾಲೋನಿಯ ಹುಡುಗನದ್ದು ಎಲ್ಲ ಅದೇ ಬಣ್ಣ. ಊರಲ್ಲಿ ಮನೆಯೊಳಗೆ ಬಿಟ್ಟುಕೊಳ್ಳದವರೂ ಮೈಯೊಳಗೆ ಹತ್ತಿಸಿಕೊಂಡರು. ಈ ವಿಚಾರ ಇಲ್ಲಿಗೇ ಬಿಡುತ್ತೇನೆ, ಬರೆದರೆ ಬೇರೆ ಲೇಖನವಾಗುತ್ತದೆ.

ನಮ್ಮ ಹುಡುಗ ಎಷ್ಟೇ ಹುಷಾರಾದರೂ ರಕ್ತ ಕೊಡುವಂತಿಲ್ಲ. ಈ ಕಾಯಿಲೆ ಬಂದು ಹೋದವರಿಂದ ಜೀವಮಾನವಿಡೀ ತೆಗೆದುಕೊಳ್ಳುವುದಿಲ್ಲ. ತೀರಿಸಲಾಗದ ಮುಯ್ಯಿ ಎಂಬುದು ನಿಜವಾಗಿಯೂ ಇದೆ, ಹಿರಿಯರ ಮಾತಿನ ತೂಕ ನನಗೆ ತಿಳಿದದ್ದು ಇಲ್ಲಿ. ಅವನು ಈಗ ವಾರಕ್ಕೊಮ್ಮೆ ನುಂಗುವ ಮೆಥೋಟ್ರೆಕ್ಸೇಟ್ ಮಾತ್ರೆಯದೂ ಇದೇ ಕಥೆ. ಭೀಮವರಂನಲ್ಲಿ 1895ರಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಈ ಜಾತಿಯ ಮದ್ದುಗಳನ್ನು ಮಾಡಿತು. ಅದರಲ್ಲೊಂದನ್ನು ಬೋಸ್ಟನ್ನಿನ ಡಾಕ್ಟರ್ ಸಿಡ್ನಿ ಫಾರ್ಬರ್ ಬ್ಲಡ್ ಕ್ಯಾನ್ಸರಿನ 16 ಮಕ್ಕಳಿಗೆ ಕೊಟ್ಟರು. ಹತ್ತು ಮಕ್ಕಳು ಚೇತರಿಸಿಕೊಂಡರು ಎಂದು 1948ರಲ್ಲಿ ಬರೆದರು. ಚೇತರಿಕೆ ಕೆಲವು ತಿಂಗಳಷ್ಟೇ, ಕಾಯಿಲೆ ಮರಳಿತು. ಅದೇ ವರ್ಷ ಸುಬ್ಬರಾವ್ ಕೂಡ ತೀರಿಹೋದರು. ಆ ಮಕ್ಕಳ ಮೇಲೆ ಕಲಿತದ್ದು ಇಂದು ನಮ್ಮ ಹುಡುಗನ ಮಾತ್ರೆಯಾಗಿದೆ. ಅವರ ಮನೆಯ ಯಾವ ಮದುವೆಗೆ ಹೋಗಿ ಬರೆಸಬೇಕು? ದೇವಋಣ, ಪಿತೃಋಣದ ಜೊತೆ ಋಷಿಋಣವನ್ನೂ ಹೇಳಿದವರು ಅದನ್ನು ಋಷಿಗೇ ತೀರಿಸು ಎನ್ನಲಿಲ್ಲ, ಕಲಿತದ್ದನ್ನು ಮುಂದಿನವರಿಗೆ ಕಲಿಸು ಎಂದರು.

ಹುಡುಗ ಸ್ಟ್ಯಾಂಡಿಗೆ ಬರುತ್ತಾನೆ, ಹತ್ತಿರದ ಬಾಡಿಗೆ ಮಾತ್ರ ಹಿಡಿಯುತ್ತಾನೆ. ದುಡ್ಡಿನ ಬಾಕಿಯಲ್ಲಿ ಕೆಲವು ಹೆಸರಿಗೆ ಗೀಟು ಬಿದ್ದಿದೆ. ಪ್ಲೇಟ್ಲೆಟ್ ಕೊಟ್ಟವರ ಹೆಸರುಗಳು ಪುಸ್ತಕದ ಹಿಂಬದಿಯಲ್ಲಿ ಹಾಗೇ ಇವೆ. ಅವನ ತಮ್ಮನಿಗೆ ಹದಿನೆಂಟು ತುಂಬಿತು. ಮೊನ್ನೆ ಯಾರದೋ ಮಗುವಿಗೆ ಕೊಟ್ಟು ಬಂದು, ಒಂದು ಹೆಸರು ಹೊಡೆದು ಹಾಕಿ ಎಂದ. ಯಾರ ಹೆಸರು ಹೊಡೆಯಬೇಕು ಎಂದು ಸ್ಟ್ಯಾಂಡಿನಲ್ಲಿ ಮತ್ತೆ ವಾದ ಹತ್ತಿತು. ಅದು ಬೇರೆಯವರ ಖಾತೆ, ಇಲ್ಲಿಗೆ ಸೇರುವುದಿಲ್ಲ ಎಂದು ಪಟ್ಟು ಹಿಡಿದವರು ಕ್ವಾಲಿಸ್ ಹಿರಿಯರು. ಬರೆಯಲೇಬಾರದು ಎಂದಿದ್ದವರು ಅವರೇ ಎಂದು ಯಾರೋ ನೆನಪಿಸಿದ್ದಕ್ಕೆ ಕೂಗಾಡಿದರು. ಹಿಂಬದಿಯ ಹೆಸರುಗಳಲ್ಲಿ ಮೊದಲನೆಯದು ಅವರ ಮಗನದು.